ವಾಲ್ವೋ ಟ್ರಾನ್ಸಿಸ್ಟರೋ? ಕಣ್ಣು ಮುಚ್ಚಿ ಕೇಳಿ ನೋಡಿ

ಅಟ್ಟದ ಮೇಲೆ ಗೋಣಿಚೀಲದಲ್ಲಿ ಮಲಗಿದ್ದ ಗ್ರಾಮಫೋನ್ ಪ್ಲೇಟುಗಳು ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಮತ್ತೆ ಕೆಳಗಿಳಿಯುತ್ತಿವೆ. ಅಜ್ಜ ಕೊಂಡಿದ್ದ ರೆಕಾರ್ಡುಗಳನ್ನು ಮೊಮ್ಮಗ ಕೇಳಬೇಕೆನ್ನುತ್ತಾನೆ. ಓದಲೆಂದು ಹುಬ್ಬಳ್ಳಿಗೋ ಧಾರವಾಡಕ್ಕೋ ಹೋದ ಹುಡುಗ ರಜೆಗೆ ಊರಿಗೆ ಬರುವಾಗ ಗೆಳೆಯರಿಂದ ಕೇಳಿದ ಹೊಸದೊಂದು ಮಾತನ್ನೂ ಹೊತ್ತು ತರುತ್ತಾನೆ. ಸಂಗೀತವನ್ನು ಸರಿಯಾಗಿ ಕೇಳಬೇಕಾದರೆ ವಾಲ್ವಿನ ಪ್ರಿಆಂಪ್ಲಿಫೈಯರೇ ಆಗಬೇಕು, ಟ್ರಾನ್ಸಿಸ್ಟರಿನದು ಒಣ ಒಣ, ಅದರಲ್ಲಿ ಜೀವವಿಲ್ಲ ಎಂಬುದೇ ಆ ಮಾತು.

ಮುಂಡಗೋಡದ ಕಡೆಯ ಮನೆಯೊಂದರಲ್ಲಿ ಮುಂದಿನ ಸಂಭಾಷಣೆ ಹೇಗಿರುತ್ತದೆಂದು ಊಹಿಸುವುದು ಕಷ್ಟವಲ್ಲ. "ಅಪ್ಪಾ, ವಾಲ್ವಿಂದು ಹಾಕಿದ್ರ ಹಾಡಿಗೆ ಜೀವ ಬರ್ತದಂತ." "ಜೀವ ಬರ್ತದಪ್ಪಾ, ಖರೆ. ಆದ್ರ ರೊಕ್ಕ ಎಲ್ಲಿಂದ ಬರ್ತದ?"

ತಂದೆಯ ಪ್ರಶ್ನೆ ನ್ಯಾಯವಾದದ್ದೇ. ಒಳ್ಳೆಯ ವಾಲ್ವ್ ಯಂತ್ರದ ಬೆಲೆ ಅದೇ ಕೆಲಸ ಮಾಡುವ ಟ್ರಾನ್ಸಿಸ್ಟರ್ ಯಂತ್ರದ ಹಲವು ಪಟ್ಟು ಇರುತ್ತದೆ. ಮಗನ ಮಾತನ್ನೂ ಹಾಗೆಯೇ ತಳ್ಳಿಹಾಕುವಂತಿಲ್ಲ. ಹಳೆಯ ವಾಲ್ವ್ ರೇಡಿಯೋದ ದನಿಯನ್ನು ಇಂದಿಗೂ ನೆನೆಸುವ ಹಿರಿಯರು ಪ್ರತಿ ಊರಿನಲ್ಲೂ ಇದ್ದಾರೆ. ಹಾಗಾದರೆ ಯಾರ ಮಾತು ನಿಜ? ಇದನ್ನು ತೀರ್ಮಾನಿಸಲು ಪಿ.ಯು.ಸಿ.ಯ ಭೌತಶಾಸ್ತ್ರ, ಸ್ವಲ್ಪ ಸ್ವರಜ್ಞಾನ ಮತ್ತು ಹತ್ತು ಸಲ ನಾಣ್ಯ ಚಿಮ್ಮುವಷ್ಟು ತಾಳ್ಮೆ ಸಾಕು.

ಕೆರೆಯ ತೂಬು

ಮೊದಲು ಪ್ರಿಆಂಪ್ಲಿಫೈಯರ್ ಎಂದರೇನೆಂದು ನೋಡಬೇಕು. ಹೆಸರೇ ಹೇಳುವಂತೆ ಇದು ಮುಖ್ಯ ವರ್ಧಕಕ್ಕಿಂತ ಮೊದಲು ಕುಳಿತುಕೊಳ್ಳುವ ಪೂರ್ವವರ್ಧಕ. ರೆಕಾರ್ಡಿನ ಗೆರೆಯಲ್ಲಿ ಓಡುವ ಸೂಜಿ ಹುಟ್ಟಿಸುವ ವಿದ್ಯುತ್ತು ಬಹಳ ಸಣ್ಣದು. ಮನೆಗಳಲ್ಲಿ ಸಾಮಾನ್ಯವಾಗಿ ಬಳಸುವ ಕಾರ್ಟ್ರಿಜ್‌ನಿಂದ ಬರುವುದು 3ರಿಂದ 5 ಮಿಲಿವೋಲ್ಟ್ ಅಷ್ಟೆ. ಸ್ಪೀಕರನ್ನು ಕುಣಿಸುವ ಮುಖ್ಯ ವರ್ಧಕಕ್ಕೆ ಬೇಕಾದದ್ದು ಅರ್ಧ ವೋಲ್ಟಿನಿಂದ ಒಂದು ವೋಲ್ಟಿನಷ್ಟು. ಎಂದರೆ ಸುಮಾರು ನೂರು ಪಟ್ಟು ಹಿಗ್ಗಿಸಬೇಕು. ಅದೂ ಗುಂಯ್‌ಗುಡುವ ಸದ್ದನ್ನು ಸೇರಿಸದೆ ಹಿಗ್ಗಿಸಬೇಕು.

ಇನ್ನೊಂದು ಕೆಲಸವೂ ಇದೆ. ಎಲ್.ಪಿ. ರೆಕಾರ್ಡು ಕೊರೆಯುವಾಗ ಮಂದ್ರದ ಸ್ವರಗಳನ್ನು ತಗ್ಗಿಸಿ, ಎತ್ತರದ ಸ್ವರಗಳನ್ನು ಹೆಚ್ಚಿಸಿ ಕೊರೆದಿರುತ್ತಾರೆ. ಹಾಗೆ ಮಾಡದಿದ್ದರೆ ಮಂದ್ರದ ಅಲೆಗಳು ಅಗಲವಾಗಿ ಪಕ್ಕದ ಗೆರೆಗೆ ನುಗ್ಗುತ್ತವೆ. ಕೇಳುವಾಗ ಪ್ರಿಆಂಪ್ಲಿಫೈಯರ್ ಇದನ್ನು ತಿರುಗುಮುರುಗು ಮಾಡಿ ಮೂಲದ ಸಮತೋಲಕ್ಕೆ ತರಬೇಕು. 1950ರ ದಶಕದ ಮಧ್ಯದಿಂದ ಈ ಹೆಚ್ಚು ಕಡಿಮೆಯ ಲೆಕ್ಕಕ್ಕೆ ಆರ್.ಐ.ಎ.ಎ. ಎಂಬ ಒಂದೇ ಮಾನದಂಡ ರೂಢಿಗೆ ಬಂದಿದೆ.

ಇಲ್ಲಿ ಪಾಲಕರು ಗಮನಿಸಬೇಕಾದ ಮಾತೊಂದಿದೆ. ಮನೆಯಲ್ಲಿ ರೆಕಾರ್ಡ್ ಪ್ಲೇಯರ್ ಇಲ್ಲದೆ ಬರೀ ಸಿ.ಡಿ. ಪ್ಲೇಯರ್ ಇದ್ದರೆ ಅದು ತಾನಾಗಿಯೇ ಸುಮಾರು 2 ವೋಲ್ಟ್ ಕೊಡುತ್ತದೆ. ಅದನ್ನು ಮತ್ತೆ ಹಿಗ್ಗಿಸುವ ಅಗತ್ಯವೇ ಇಲ್ಲ, ದನಿ ಏರಿಸಿ ಇಳಿಸುವ ಒಂದು ಗುಬುಟು ಸಾಕು. ಇಂಥ ಮನೆಗೆ ವಾಲ್ವೋ ಟ್ರಾನ್ಸಿಸ್ಟರೋ ಎಂಬ ಪ್ರಶ್ನೆಗಿಂತ ಮೊದಲು ಪ್ರಿಆಂಪ್ಲಿಫೈಯರ್ ಬೇಕೋ ಬೇಡವೋ ಎಂಬ ಪ್ರಶ್ನೆ ಬರುತ್ತದೆ.

ಇನ್ನು ಈ ಹಿಗ್ಗಿಸುವಿಕೆ ಆಗುವುದು ಹೇಗೆ? ಮುಂಡಗೋಡ ತಾಲೂಕಿನ ಮಕ್ಕಳಿಗೆ ಕೆರೆಯ ತೂಬು ಗೊತ್ತಿಲ್ಲದ್ದಲ್ಲ. ತೂಬಿನ ಬಿರಡೆಯನ್ನು ಎತ್ತಿ ಇಳಿಸಲು ಒಬ್ಬ ಮನುಷ್ಯನ ಕೈ ಸಾಕು. ಆದರೆ ಅದರಿಂದ ಹರಿಯುವ ನೀರು ಎಕರೆಗಟ್ಟಲೆ ಗದ್ದೆಗೆ ಸಾಕು. ನೀರಿನ ಬಲ ಕೆರೆಯದು, ಹತೋಟಿ ಕೈಯದು. ವಾಲ್ವೂ ಟ್ರಾನ್ಸಿಸ್ಟರೂ ಇಂಥ ತೂಬುಗಳೇ. ಸೂಜಿಯ ಸಣ್ಣ ವಿದ್ಯುತ್ತು ಇಲ್ಲಿ ತೂಬು ತೆರೆಯುವ ಕೈ. ಗೋಡೆಯ ಪ್ಲಗ್ಗಿನಿಂದ ಬರುವ ವಿದ್ಯುತ್ತೇ ಕೆರೆ. ಇಂಗ್ಲಿಷಿನಲ್ಲಿ ವಾಲ್ವ್ ಎಂಬ ಪದಕ್ಕೂ ಹರಿವನ್ನು ತಡೆದು ಬಿಡುವ ಬಾಗಿಲು ಎಂದೇ ಅರ್ಥ.

ಎರಡರಲ್ಲಿ ತೂಬಿನ ರಚನೆ ಮಾತ್ರ ಬೇರೆ. ವಾಲ್ವು ಗಾಳಿ ತೆಗೆದ ಗಾಜಿನ ಬುರುಡೆ. ಒಳಗಿನ ತಂತಿ ಕೆಂಪಗೆ ಕಾದು ಎಲೆಕ್ಟ್ರಾನುಗಳನ್ನು ಹೊರಚೆಲ್ಲುತ್ತದೆ. 200ರಿಂದ 300 ವೋಲ್ಟಿನ ಸೆಳೆತಕ್ಕೆ ಅವು ನಿರ್ವಾತದಲ್ಲಿ ಹಾರಿಹೋಗುತ್ತವೆ. ದಾರಿಯಲ್ಲಿರುವ ಜಾಲರಿ ಅವುಗಳನ್ನು ತಡೆದು ಬಿಟ್ಟು ಮಾಡುತ್ತದೆ. ಟ್ರಾನ್ಸಿಸ್ಟರಿನಲ್ಲಿ ಬುರುಡೆಯೂ ಇಲ್ಲ, ಬೆಂಕಿಯೂ ಇಲ್ಲ. ಸಿಲಿಕಾನ್ ಎಂಬ ಅರೆವಾಹಕದ ಚೂರಿನೊಳಗೇ 10, 15 ವೋಲ್ಟಿನಲ್ಲಿ ಅದೇ ಕೆಲಸ ನಡೆಯುತ್ತದೆ. ಘನವಸ್ತುವಿನೊಳಗೇ ಎಲ್ಲವೂ ನಡೆಯುವುದರಿಂದ ಇದಕ್ಕೆ ಸಾಲಿಡ್ ಸ್ಟೇಟ್ ಎಂಬ ಹೆಸರು ಬಂತು.

ಜಾಲಹಳ್ಳಿಯಲ್ಲಿ ಎರಡೂ ಹುಟ್ಟಿದವು

ಜಾನ್ ಆಂಬ್ರೋಸ್ ಫ್ಲೆಮಿಂಗ್ ಮೊದಲ ವಾಲ್ವನ್ನು ರೂಪಿಸಿದ್ದು 1904ರಲ್ಲಿ. ಅದರೊಳಗೆ ಜಾಲರಿ ಇಟ್ಟು ಹಿಗ್ಗಿಸುವ ಶಕ್ತಿ ಬರುವಂತೆ ಮಾಡಿದವರು ಅಮೆರಿಕದ ಲೀ ಡಿ ಫಾರೆಸ್ಟ್, 1906ರಲ್ಲಿ. ಟ್ರಾನ್ಸಿಸ್ಟರು ಹುಟ್ಟಿದ್ದು 1947ರ ಡಿಸೆಂಬರಿನಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಬಾರ್ಡೀನ್, ಬ್ರ್ಯಾಟನ್ ಮತ್ತು ಶಾಕ್ಲೆ ಅವರಿಗೆ ಇದಕ್ಕಾಗಿ 1956ರ ನೊಬೆಲ್ ಬಹುಮಾನ ಬಂತು.

ಈ ಎರಡು ಯುಗಗಳ ಸಂಧಿಕಾಲ ನಮ್ಮ ರಾಜ್ಯದಲ್ಲೇ ಒಂದು ಕಾರ್ಖಾನೆಯ ಅಂಗಳದಲ್ಲಿ ನಡೆದುಹೋಯಿತೆಂಬುದು ಅನೇಕರಿಗೆ ತಿಳಿದಿಲ್ಲ. 1954ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಜಾಲಹಳ್ಳಿಯಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿದ್ದು 1961ರಲ್ಲಿ. ಮರುವರ್ಷವೇ, 1962ರಲ್ಲಿ, ಅಲ್ಲಿ ಜರ್ಮೇನಿಯಂ ಅರೆವಾಹಕಗಳ ತಯಾರಿಕೆಯೂ ಆರಂಭವಾಯಿತು. ಹಳೆಯದು ಹೋಗಿ ಹೊಸದು ಬಂದಿತೆನ್ನುವಂತಿಲ್ಲ, ಎರಡೂ ಅಕ್ಕಪಕ್ಕದಲ್ಲಿ ಬೆಳೆದವು.

1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯನ್ನು ಈ ಸೀಮೆಯ ಜನ ಮೊದಲು ಕೇಳಿದ್ದು ವಾಲ್ವ್ ರೇಡಿಯೋಗಳಲ್ಲೇ. ಗುಬುಟು ತಿರುಗಿಸಿದ ಮೇಲೆ ಅದು ಕಾಯುವವರೆಗೆ ಕಾದು ಕೂರಬೇಕಿತ್ತು. ಮುಂದೆ ಹೆಗಲಿಗೆ ನೇತುಹಾಕಿಕೊಂಡು ಗದ್ದೆಗೂ ಒಯ್ಯಬಹುದಾದ ಸಣ್ಣ ರೇಡಿಯೋ ಬಂದಾಗ ಜನ ರೇಡಿಯೋವನ್ನೇ "ಟ್ರಾನ್ಸಿಸ್ಟರ್" ಎಂದು ಕರೆದರು. ಆ ಪುಟ್ಟ ಡಬ್ಬಿಯ ದನಿ ದೊಡ್ಡ ಮರದ ಪೆಟ್ಟಿಗೆಯ ರೇಡಿಯೋದ ದನಿಗಿಂತ ತೆಳುವಾಗಿದ್ದದ್ದು ನಿಜ. ಆದರೆ ಅದಕ್ಕೆ ಕಾರಣ ಟ್ರಾನ್ಸಿಸ್ಟರೋ, ಅಂಗೈಯಗಲದ ಸ್ಪೀಕರೋ? ಹಿರಿಯರ ನೆನಪಿನಲ್ಲಿ ಈ ಎರಡೂ ಕಲಸಿಹೋಗಿವೆ. ದೊಡ್ಡ ಪೆಟ್ಟಿಗೆ, ದೊಡ್ಡ ಸ್ಪೀಕರು, ಇಡೀ ಮನೆ ಸುಮ್ಮನೆ ಕೂತು ಕೇಳುತ್ತಿದ್ದ ರಾತ್ರಿ ಎಲ್ಲವೂ ಸೇರಿ ಆ ದನಿಯಾಗಿತ್ತು. ಅದರ ಪೂರ್ತಿ ಕೀರ್ತಿ ವಾಲ್ವೊಂದಕ್ಕೇ ಸಂದಿತು.

ತಂಬೂರಿಯ ಪಾಠ

ಹಾಗಾದರೆ ವಾಲ್ವಿನ ದನಿ ಬೆಚ್ಚಗಿರುತ್ತದೆ ಎಂಬುದು ಬರೀ ಭ್ರಮೆಯೇ? ಅಷ್ಟು ಸುಲಭವಾಗಿ ಹಾಗೆನ್ನಲೂ ಆಗದು. ಇದನ್ನು ಬಿಡಿಸಿ ಹೇಳಲು ತಂಬೂರಿಗಿಂತ ಒಳ್ಳೆಯ ಗುರು ಇಲ್ಲ.

ತಂಬೂರಿಯ ಷಡ್ಜದ ತಂತಿಯನ್ನು 240 ಹರ್ಟ್ಸ್‌ಗೆ ಶ್ರುತಿ ಮಾಡಿದೆ ಎಂದಿಟ್ಟುಕೊಳ್ಳಬಹುದು. ಮೀಟಿದಾಗ 240 ಒಂದೇ ಹೊಮ್ಮುವುದಿಲ್ಲ. ಅದರ ಎರಡರಷ್ಟು 480, ಮೂರರಷ್ಟು 720, ನಾಲ್ಕರಷ್ಟು 960, ಹೀಗೆ ಉಪಸ್ವರಗಳ ಸಾಲೇ ಏಳುತ್ತದೆ. 480 ಎಂದರೆ ತಾರ ಷಡ್ಜ, 720 ಎಂದರೆ ತಾರದ ಪಂಚಮ, ಐದರಷ್ಟಾದ 1200 ಎಂದರೆ ಇನ್ನೂ ಮೇಲಿನ ಗಾಂಧಾರ. ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ತಾನಾಗಿ ಕೇಳಿಬರುವುದು ಇದರಿಂದಲೇ. ಕುದುರೆಯ ಮೇಲೆ ದಾರವಿಟ್ಟು ಜವಾರಿ ಕೂಡಿಸಿದಾಗ ಈ ಉಪಸ್ವರಗಳು ಅರಳುತ್ತವೆ. ಏಳರಷ್ಟಾದ 1680 ಮಾತ್ರ ಯಾವ ಸ್ವರಸ್ಥಾನಕ್ಕೂ ಸರಿಯಾಗಿ ಕೂಡುವುದಿಲ್ಲ.

ವರ್ಧಕ ಯಂತ್ರವೂ ತನ್ನ ಕಡೆಯಿಂದ ಸ್ವಲ್ಪ ಉಪಸ್ವರ ಸೇರಿಸುತ್ತದೆ. ತಾಂತ್ರಿಕರು ಇದನ್ನು ಡಿಸ್ಟಾರ್ಷನ್ ಎನ್ನುತ್ತಾರೆ, ವಿರೂಪ ಎನ್ನಬಹುದು. ಸರಳ ವಾಲ್ವ್ ಮಂಡಲ ಸೇರಿಸುವುದು ಹೆಚ್ಚಾಗಿ ಎರಡರಷ್ಟನ್ನು, ಎಂದರೆ ಅದೇ ಸ್ವರದ ತಾರಸ್ಥಾಯಿಯನ್ನು. ಅದು ಮೂಲದೊಡನೆ ಬೆರೆತು ದನಿಗೆ ಮೈ ತುಂಬಿದಂತೆ ಕೇಳಿಸಬಹುದು. ಟ್ರಾನ್ಸಿಸ್ಟರ್ ಮಂಡಲವನ್ನು ಅದರ ಮಿತಿ ಮೀರಿ ದುಡಿಸಿದರೆ ಅಲೆಯ ತುದಿ ಕತ್ತರಿಸಿದಂತಾಗಿ ಮೂರು, ಐದು, ಏಳರಷ್ಟಿನವು ಎದ್ದು ಕಿವಿಗೆ ಚುಚ್ಚುತ್ತವೆ. ಬೆಚ್ಚಗೆ, ಒಣಗು ಎಂಬ ಮಾತುಗಳಿಗೆ ಇರುವ ಆಧಾರ ಇದು.

ಆದರೆ "ಮಿತಿ ಮೀರಿ" ಎಂಬ ಮಾತನ್ನು ಮರೆಯಬಾರದು. 1973ರಲ್ಲಿ ರಸೆಲ್ ಹ್ಯಾಮ್ ಎಂಬ ಅಮೆರಿಕದ ಧ್ವನಿತಂತ್ರಜ್ಞರು ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಇದೇ ಪ್ರಶ್ನೆ ಕುರಿತು ಬರೆದ ಲೇಖನ ಪ್ರಸಿದ್ಧವಾಗಿದೆ. ಅವರು ಪರೀಕ್ಷಿಸಿದ್ದು ರೆಕಾರ್ಡಿಂಗ್ ಸ್ಟುಡಿಯೋದ ಮೈಕ್ ಪ್ರಿಆಂಪ್ಲಿಫೈಯರುಗಳನ್ನು. ಗಾಯಕರು ಮೈಕಿನ ಹತ್ತಿರ ಜೋರಾಗಿ ಹಾಡಿದಾಗ ಆ ಯಂತ್ರಗಳು ಮಿತಿ ಮೀರುತ್ತವೆ. ವಾಲ್ವಿಗೂ ಟ್ರಾನ್ಸಿಸ್ಟರಿಗೂ ಇರುವ ವ್ಯತ್ಯಾಸ ಎದ್ದು ಕಾಣುವುದು ಆಗಲೇ ಎಂದು ಅವರು ತೋರಿಸಿದರು. ಮನೆಯಲ್ಲಿ ರೆಕಾರ್ಡು ಕೇಳುವಾಗ ಒಳ್ಳೆಯ ಪ್ರಿಆಂಪ್ಲಿಫೈಯರ್ ಮಿತಿ ಮೀರುವ ಸಂದರ್ಭವೇ ಬರುವುದಿಲ್ಲ. ಆ ನೆಮ್ಮದಿಯ ಅಂತರದಲ್ಲಿ ಎರಡೂ ಬಗೆಯ ಒಳ್ಳೆಯ ಯಂತ್ರಗಳು ಸೇರಿಸುವ ಉಪಸ್ವರ ಕಿವಿಗೆ ಸಿಗದಷ್ಟು ಕಡಿಮೆ ಇರಬಲ್ಲದು.

ಇನ್ನೊಂದು ಸೂಕ್ಷ್ಮವೂ ಇದೆ. ಎರಡರಷ್ಟಿನ ವಿರೂಪ ಯಾವಾಗಲೂ ಸಿಹಿ ಎಂದುಕೊಳ್ಳುವಂತಿಲ್ಲ. 240ರ ಷಡ್ಜದೊಡನೆ 270ರ ಶುದ್ಧ ರಿಷಭವೂ ಒಟ್ಟಿಗೆ ಬಂದಾಗ ಅದೇ ವಿರೂಪ ಎರಡರ ಮೊತ್ತವನ್ನೂ ಹುಟ್ಟಿಸುತ್ತದೆ. ಆ 510 ಹರ್ಟ್ಸ್ ತಾರಸ್ಥಾಯಿಯ ಕೋಮಲ ರಿಷಭದ ಹತ್ತಿರ ಬೀಳುತ್ತದೆ. ಹಾಡುವ ರಾಗದಲ್ಲಿ ಕೋಮಲ ರಿಷಭವೇ ಇಲ್ಲದಿದ್ದರೂ ಯಂತ್ರ ಅದನ್ನು ಹಾಡುತ್ತದೆ! ಜವಾರಿ ಎಷ್ಟಿರಬೇಕೆಂದು ಕಲಾವಿದ ತೀರ್ಮಾನಿಸುತ್ತಾನೆ, ಅದು ಸಂಗೀತ. ಯಂತ್ರ ಎಲ್ಲ ಹಾಡಿಗೂ ಒಂದೇ ಬಣ್ಣ ಬಳಿಯುವುದು ಬೇರೆ ಮಾತು. ಕೆಲವರಿಗೆ ಆ ಬಣ್ಣ ಇಷ್ಟವಾಗಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ಅದನ್ನು ಹೆಚ್ಚಿನ ಸತ್ಯವೆನ್ನುವುದು ಸರಿಯಲ್ಲ.

ಗಾಂಧಾರಿ ಹಾನಗಲ್ ರೆಕಾರ್ಡು

ಮುಂಡಗೋಡದ ನೆರೆಯ ಹಾನಗಲ್ಲಿನ ಹೆಸರನ್ನು ಹೊತ್ತ ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ರೆಕಾರ್ಡುಗಳು 1930ರ ದಶಕದಲ್ಲಿ "ಗಾಂಧಾರಿ ಹಾನಗಲ್" ಎಂಬ ಹೆಸರಿನಲ್ಲಿ ಹೊರಬಂದವು. 1925ರ ವರೆಗೆ ರೆಕಾರ್ಡ್ ಮಾಡುವುದೆಂದರೆ ಕಹಳೆಯಂಥ ಕೊಳವೆಯ ಮುಂದೆ ಹಾಡುವುದಾಗಿತ್ತು. ಅನಂತರ ಮೈಕೂ ವಾಲ್ವ್ ವರ್ಧಕವೂ ಬಂದವು. ಟ್ರಾನ್ಸಿಸ್ಟರು ಹುಟ್ಟುವ ಮೊದಲಿನ ಆ ಕಾಲದ ಯಾವುದೇ ವಿದ್ಯುತ್ ರೆಕಾರ್ಡಿಂಗಿನಲ್ಲಿ ದನಿ ವಾಲ್ವುಗಳನ್ನು ಹಾದೇ ಬಂದಿದೆ. ವಾಲ್ವಿನ ಗುಣ ಏನಿದ್ದರೂ ಅದು ಆಗಲೇ ಪ್ಲೇಟಿನ ಗೆರೆಯಲ್ಲಿ ಕೂತಿದೆ. ಇಂದು ಅದನ್ನು ಒಳ್ಳೆಯ ಟ್ರಾನ್ಸಿಸ್ಟರ್ ಯಂತ್ರದಲ್ಲಿ ಕೇಳಿದರೆ ಆ ಗುಣ ಅಳಿಸಿಹೋಗುವುದಿಲ್ಲ, ಇದ್ದದ್ದು ಇದ್ದಂತೆ ಬರುತ್ತದೆ. ವಾಲ್ವ್ ಯಂತ್ರದಲ್ಲಿ ಕೇಳಿದರೆ ಒಂದು ಲೇಪ ಹೆಚ್ಚಾಗಬಹುದು ಅಷ್ಟೆ.

ಇಂಥ ಹಳೆಯ 78ರ ವೇಗದ ಪ್ಲೇಟುಗಳಿರುವ ಮನೆಯವರು ವಾಲ್ವಿಗಿಂತ ಮೊದಲು ಸೂಜಿಯ ಬಗ್ಗೆ ಯೋಚಿಸಬೇಕು. ಎಲ್.ಪಿ.ಯ ಸಣ್ಣ ಸೂಜಿ 78ರ ಅಗಲ ಗೆರೆಯಲ್ಲಿ ತಳಕ್ಕೆ ಬಿದ್ದು ಕರಕರ ಎನ್ನುತ್ತದೆ. ಆ ಪ್ಲೇಟುಗಳಿಗೆ ಅಗಲ ತುದಿಯ ಬೇರೆ ಸೂಜಿ ಬೇಕು. ಆರ್.ಐ.ಎ.ಎ. ಲೆಕ್ಕವೂ ಅವಕ್ಕೆ ಹೊಂದುವುದಿಲ್ಲ. ಸೂಜಿ ಬದಲಿಸಿದರೆ ಕೇಳಿಸುವ ವ್ಯತ್ಯಾಸ ಯಾವ ಪ್ರಿಆಂಪ್ಲಿಫೈಯರ್ ಬದಲಿಸಿದರೂ ಸಿಗುವುದಿಲ್ಲ.

ಮುಂಡಗೋಡದ ಮಳೆಗಾಲದಲ್ಲಿ

ಅಂಗಡಿಯ ತಂಪು ಕೋಣೆಯಲ್ಲಿ ಕೇಳಿ ಮೆಚ್ಚುವುದು ಒಂದು, ಮನೆಯಲ್ಲಿ ಹತ್ತು ವರ್ಷ ನಡೆಸುವುದು ಇನ್ನೊಂದು. ಅರೆಮಲೆನಾಡಿನ ಊರುಗಳಲ್ಲಿ ಮಳೆ ಗಾಳಿಗೆ ಮರ ಬಿದ್ದು ವಿದ್ಯುತ್ತು ಹೋಗುವುದು, ಬಂದಾಗ ಏರುಪೇರಾಗುವುದು ಹೊಸತಲ್ಲ. ಪ್ರಿಆಂಪ್ಲಿಫೈಯರುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ 12ಎಎಕ್ಸ್7 ಎಂಬ ವಾಲ್ವಿನ ಕಾಯುವ ತಂತಿಗೆ 6.3 ವೋಲ್ಟ್ ಬೇಕು. ಹತ್ತರಲ್ಲೊಂದು ಭಾಗಕ್ಕಿಂತ ಹೆಚ್ಚು ಕಡಿಮೆ ಆಗಬಾರದು. ಸಾದಾ ಟ್ರಾನ್ಸ್‌ಫಾರ್ಮರಿನಿಂದ ನೇರ ಕೊಟ್ಟರೆ, ಮನೆಯ 230 ವೋಲ್ಟ್ 180ಕ್ಕೆ ಇಳಿದಾಗ ಈ 6.3 ವೋಲ್ಟ್ 4.9ಕ್ಕೆ ಇಳಿಯುತ್ತದೆ. 260ಕ್ಕೆ ಏರಿದರೆ 7.1ಕ್ಕೆ ಏರುತ್ತದೆ. ಮೊದಲನೆಯದರಲ್ಲಿ ವಾಲ್ವು ಸರಿಯಾಗಿ ಕಾಯುವುದಿಲ್ಲ, ಎರಡನೆಯದರಲ್ಲಿ ಅದರ ಆಯುಷ್ಯ ಕುಗ್ಗುತ್ತದೆ. ಟ್ರಾನ್ಸಿಸ್ಟರ್ ಯಂತ್ರದಲ್ಲಿ ಕಡಿಮೆ ಬೆಲೆಯ ರೆಗ್ಯುಲೇಟರ್ ಐ.ಸಿ. ಇಂಥ ಏರಿಳಿತವನ್ನು ಒಳಗೆ ಬರಗೊಡುವುದಿಲ್ಲ. ವಾಲ್ವಿಗೂ ರೆಗ್ಯುಲೇಟರ್ ಅಳವಡಿಸಬಹುದು, ಆದರೆ ಖರ್ಚು ಹೆಚ್ಚುತ್ತದೆ.

ವಿದ್ಯುತ್ ಬಳಕೆಯಲ್ಲೂ ಅಂತರವಿದೆ. ಅಂಥ ಒಂದು ವಾಲ್ವಿನ ತಂತಿ ಕಾಯಲಿಕ್ಕೇ ಸುಮಾರು 1.9 ವಾಟ್ ಬೇಕು. ಧ್ವನಿಗೆಂದೇ ಬಳಸುವ ಒಂದು ಸಾಮಾನ್ಯ ಐ.ಸಿ. ಕಾಲು ವಾಟಿನಲ್ಲಿ ಪೂರ್ತಿ ಕೆಲಸ ಮುಗಿಸುತ್ತದೆ. ಹೊಸ ವಾಲ್ವುಗಳು ಇಂದು ಬರುವುದು ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ ಮತ್ತು ಚೀನಾದಿಂದ. ಸವೆದದ್ದನ್ನು ಬದಲಿಸಲು ದೂರದಿಂದ ತರಿಸಿಕೊಳ್ಳಬೇಕು. ಮಳೆಗಾಲದ ತೇವಕ್ಕೆ ವಾಲ್ವ್ ಕೂರುವ ಸಾಕೆಟ್ಟಿನ ಹಿಡಿಗಳು ಕಿಲುಬು ಹಿಡಿದು ಚಟಪಟ ಎನ್ನುವುದೂ ಉಂಟು.

ವಾಲ್ವಿನ ಪರವಾಗಿ ಹೇಳಬೇಕಾದ್ದನ್ನೂ ಹೇಳಬೇಕು. ಕ್ಷಣಮಾತ್ರದ ವಿದ್ಯುತ್ ಹೊಡೆತವನ್ನು ವಾಲ್ವು ತಾಳಿಕೊಳ್ಳುವಷ್ಟು ಸಿಲಿಕಾನ್ ತಾಳಿಕೊಳ್ಳುವುದಿಲ್ಲ. ಅಡ್ಡಮಳೆಯ ಗುಡುಗು ಸಿಡಿಲಿನ ದಿನ ಪ್ಲಗ್ ಕಿತ್ತಿಡುವ ರೂಢಿ ಎರಡಕ್ಕೂ ಒಳ್ಳೆಯದು, ಟ್ರಾನ್ಸಿಸ್ಟರಿಗಂತೂ ಬೇಕೇ ಬೇಕು. ಹಳೆಯ ವಾಲ್ವ್ ಯಂತ್ರದಲ್ಲಿ ಕೆಟ್ಟದ್ದೇನೆಂದು ಕಣ್ಣಿಗೆ ಕಾಣುತ್ತದೆ, ಬಿಡಿಭಾಗ ಬಿಚ್ಚಿ ಹಾಕಬಹುದು. ಇಂದಿನ ಅನೇಕ ಟ್ರಾನ್ಸಿಸ್ಟರ್ ಯಂತ್ರಗಳಲ್ಲಿ ಎಳ್ಳಿನಷ್ಟು ಸಣ್ಣ ಬಿಡಿಭಾಗಗಳಿರುವುದರಿಂದ ರಿಪೇರಿಯವರು ಇಡೀ ಹಲಗೆಯನ್ನೇ ಬದಲಿಸಿ ಎನ್ನುತ್ತಾರೆ.

ಪಾಲಕರು ಮರೆಯಬಾರದ ಮಾತು

ಬೆಲೆಗಿಂತ ದೊಡ್ಡ ವಿಚಾರ ಅಪಾಯದ್ದು. ವಾಲ್ವ್ ಯಂತ್ರದೊಳಗೆ 250, 300 ವೋಲ್ಟಿನ ನೇರ ವಿದ್ಯುತ್ತು ಇರುತ್ತದೆ. ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳು ಆ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ಗುಜರಿಯಲ್ಲಿ ಸಿಕ್ಕ ಹಳೆಯ ರೇಡಿಯೋವನ್ನು ಬಿಚ್ಚಿ ನೋಡುವ ಉತ್ಸಾಹದ ಹುಡುಗ ಹುಡುಗಿಯರು ಇದನ್ನು ತಿಳಿದಿರಲೇಬೇಕು. ಮುಟ್ಟಿದರೆ ಪ್ರಾಣಕ್ಕೇ ಸಂಚಕಾರ.

ಒಳ್ಳೆಯ ಯಂತ್ರದಲ್ಲಿ ಈ ಶೇಖರವನ್ನು ಬಸಿದುಬಿಡಲು ಒಂದು ರೆಸಿಸ್ಟರ್ ಇರುತ್ತದೆ. 47 ಮೈಕ್ರೋಫ್ಯಾರಡ್ ಕೆಪಾಸಿಟರಿಗೆ 220 ಕಿಲೋ ಓಮ್ ರೆಸಿಸ್ಟರ್ ಜೋಡಿಸಿದರೆ ಎರಡರ ಗುಣಲಬ್ಧ ಸುಮಾರು 10 ಸೆಕೆಂಡು. ಅದರ ಐದು ಪಟ್ಟು, ಎಂದರೆ ಸುಮಾರು 50 ಸೆಕೆಂಡು ಕಳೆದರೆ 300 ವೋಲ್ಟ್ ಎರಡು ವೋಲ್ಟಿನ ಆಸುಪಾಸಿಗೆ ಇಳಿದಿರುತ್ತದೆ. ಆದರೆ ಹಳೆಯ ಯಂತ್ರದಲ್ಲಿ ಆ ರೆಸಿಸ್ಟರೇ ಸುಟ್ಟುಹೋಗಿರಬಹುದು, ಮೊದಲಿಗೆ ಇರದೆಯೂ ಇರಬಹುದು. ಆದ್ದರಿಂದ ಗಡಿಯಾರವನ್ನು ನಂಬದೆ ಮೀಟರಿನಿಂದ ಅಳೆದು ನೋಡಬೇಕು. ಅದೂ ಅನುಭವಿ ಮೆಕ್ಯಾನಿಕ್ ಅಥವಾ ಕಾಲೇಜಿನ ಗುರುಗಳು ಪಕ್ಕದಲ್ಲಿದ್ದಾಗ ಮಾತ್ರ. ಮನೆಯ ಪ್ಲಗ್ಗಿಗೆ ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ಇಂಥ ಯಂತ್ರವನ್ನು ಜೋಡಿಸಲೇಬಾರದು.

ಕೈಯಾರೆ ಪ್ರಿಆಂಪ್ಲಿಫೈಯರ್ ಕಟ್ಟಿ ಕಲಿಯಬೇಕೆನ್ನುವ ವಿದ್ಯಾರ್ಥಿಗೆ ಬೇರೆ ದಾರಿಯಿದೆ. ಒಂದು ಆಡಿಯೋ ಐ.ಸಿ., ಕೆಲವು ರೆಸಿಸ್ಟರು ಕೆಪಾಸಿಟರು, 9 ವೋಲ್ಟಿನ ಎರಡು ಬ್ಯಾಟರಿ ಸಾಕು. ಗೋಡೆಯ ವಿದ್ಯುತ್ತಿನ ಸಂಪರ್ಕವೇ ಇಲ್ಲದ್ದರಿಂದ ಅಪಾಯವಿಲ್ಲ, 50 ಹರ್ಟ್ಸಿನ ಗುಂಯ್ ಸದ್ದಿಗೂ ಬಹಳ ಮಟ್ಟಿಗೆ ಕಡಿವಾಣ. 1 ಕಿಲೋ ಓಮ್ ಮತ್ತು 10 ಕಿಲೋ ಓಮ್ ರೆಸಿಸ್ಟರುಗಳನ್ನು ಸರಿಯಾಗಿ ಕೂಡಿಸಿದರೆ 11 ಪಟ್ಟು ಹಿಗ್ಗಿಸುವ ವರ್ಧಕ ಸಿದ್ಧ. ಪುಸ್ತಕದ ಸೂತ್ರ ಮೀಟರಿನಲ್ಲಿ ಕಾಣುವ ಸಂತೋಷವೇ ಬೇರೆ.

ಹತ್ತು ಸಲ ಕೇಳುವ ಪರೀಕ್ಷೆ

ಇಷ್ಟೆಲ್ಲ ಲೆಕ್ಕ ಕೇಳಿದ ಮೇಲೂ "ನನ್ನ ಕಿವಿಗೆ ವ್ಯತ್ಯಾಸ ಗೊತ್ತಾಗುತ್ತದೆ" ಎನ್ನುವ ಮಗನಿಗೆ ಏನು ಹೇಳಬೇಕು? ಬೈಯುವ ಅಗತ್ಯವಿಲ್ಲ, ಪರೀಕ್ಷೆ ಮಾಡಬಹುದು. 1978ರಲ್ಲಿ ಬ್ರಿಟನ್ನಿನ ಜೇಮ್ಸ್ ಮಾಯರ್ ಎಂಬ ತಂತ್ರಜ್ಞರು ಕ್ವಾಡ್ ಕಂಪನಿಯ ಒಂದು ವಾಲ್ವ್ ವರ್ಧಕವನ್ನೂ ಎರಡು ಟ್ರಾನ್ಸಿಸ್ಟರ್ ವರ್ಧಕಗಳನ್ನೂ ಮರೆಯಲ್ಲಿಟ್ಟು ನುರಿತ ಕೇಳುಗರಿಗೆ ಕೇಳಿಸಿ, ಫಲಿತಾಂಶವನ್ನು "ವೈರ್‌ಲೆಸ್ ವರ್ಲ್ಡ್" ಪತ್ರಿಕೆಯಲ್ಲಿ ಪ್ರಕಟಿಸಿದರು. ಯಾವುದು ಯಾವುದೆಂದು ಕೇಳುಗರಿಗೆ ಗುರುತು ಹಿಡಿಯಲಾಗಲಿಲ್ಲ. ಅವು ಮುಖ್ಯ ವರ್ಧಕಗಳು, ಪ್ರಿಆಂಪ್ಲಿಫೈಯರುಗಳಲ್ಲ ನಿಜ. ಆದರೆ ಪರೀಕ್ಷೆಯ ವಿಧಾನ ಎಲ್ಲದಕ್ಕೂ ಒಂದೇ.

ಕೊಳ್ಳುವ ಮೊದಲು ಪರಿಚಯದವರಿಂದಲೋ ಅಂಗಡಿಯಿಂದಲೋ ಎರಡೂ ಬಗೆಯ ಯಂತ್ರಗಳನ್ನು ಒಂದು ದಿನಕ್ಕೆ ಕೇಳಿ ತರಬೇಕು. ಒಂದೇ ಸಿ.ಡಿ. ಪ್ಲೇಯರಿನಿಂದ ಎರಡಕ್ಕೂ ತಂತಿ ಕವಲೊಡೆಸಿ, ಎರಡನ್ನೂ ವರ್ಧಕದ ಬೇರೆ ಬೇರೆ ಇನ್‌ಪುಟ್ಟಿಗೆ ಜೋಡಿಸಬೇಕು. ಅರ್ಧ ಗಂಟೆ ಕಾಯಲು ಬಿಡಬೇಕು. ಬಳಿಕ ಎರಡರ ದನಿಯ ಮಟ್ಟ ಸಮ ಮಾಡಬೇಕು, ಇದು ಎಲ್ಲಕ್ಕಿಂತ ಮುಖ್ಯ. ಕೊಂಚವೇ ಜೋರಾಗಿರುವುದು ಕಿವಿಗೆ "ಹೆಚ್ಚು ಜೀವಂತ" ಎನಿಸುತ್ತದೆ, ಜೋರಾಗಿದೆ ಎಂದೆನಿಸುವುದೇ ಇಲ್ಲ. 200 ಹರ್ಟ್ಸಿನ ಒಂದೇ ಸಮನಾದ ಸ್ವರ ನುಡಿಸಿ, ಸ್ಪೀಕರಿನ ತುದಿಗಳಲ್ಲಿ ಮಲ್ಟಿಮೀಟರ್ ಇಟ್ಟು ಎರಡೂ ನೂರಕ್ಕೆ ಒಂದರೊಳಗೆ ಸರಿಸಮ ಬರುವಂತೆ ಗುಬುಟು ತಿರುಗಿಸಬೇಕು.

ಇನ್ನು ಅಕ್ಕನೋ ಅಮ್ಮನೋ ಯಂತ್ರದ ಹಿಂದೆ ಕೂತು ನಾಣ್ಯ ಚಿಮ್ಮಬೇಕು. ಮುಖ ಬಿದ್ದರೆ ವಾಲ್ವು, ಹಿಂಬದಿ ಬಿದ್ದರೆ ಟ್ರಾನ್ಸಿಸ್ಟರು. ಏನನ್ನೂ ಹೇಳದೆ ಹಾಳೆಯಲ್ಲಿ ಬರೆದಿಡಬೇಕು. ಮಗ ಬೆನ್ನು ತಿರುಗಿಸಿ ಕೂತು ಇದು ಯಾವುದೆಂದು ತನ್ನ ಹಾಳೆಯಲ್ಲಿ ಬರೆಯಬೇಕು. ಹೀಗೆ ಹತ್ತು ಸಲ.

ಕಣ್ಣು ಮುಚ್ಚಿ ಊಹಿಸಿದರೂ ಐದು ಸರಿಯಾಗುವುದು ಸಹಜ. ಹತ್ತು ನಾಣ್ಯಗಳು ಒಟ್ಟು 1024 ವಿಧವಾಗಿ ಬೀಳಬಲ್ಲವು. ಊಹೆ ಹತ್ತಕ್ಕೆ ಹತ್ತೂ ಸರಿಯಾಗುವುದು ಒಂದು ವಿಧ, ಒಂಬತ್ತು ಸರಿಯಾಗುವುದು ಹತ್ತು ವಿಧ. ಎಂದರೆ ಬರೀ ಅದೃಷ್ಟದಿಂದ ಒಂಬತ್ತು ಅಥವಾ ಹತ್ತು ಸರಿ ಬರುವ ಸಂಭವ 1024ಕ್ಕೆ 11, ಸುಮಾರು ನೂರಕ್ಕೆ ಒಂದು. ಮಗ ಒಂಬತ್ತು ಸರಿ ಹೇಳಿದರೆ ಅವನ ಕಿವಿ ಏನನ್ನೋ ನಿಜವಾಗಿ ಹಿಡಿದಿದೆ ಎಂದು ತಂದೆ ಒಪ್ಪಬೇಕು. ಐದೋ ಆರೋ ಬಂದರೆ ಆ ಯಂತ್ರಗಳ ವ್ಯತ್ಯಾಸ ತನಗೆ ಕೇಳಿಸಿತೆಂದು ಹೇಳಲು ಆಧಾರವಿಲ್ಲ ಎಂದು ಮಗ ಒಪ್ಪಬೇಕು. ಸೋತವರು ಯಾರೂ ಇಲ್ಲ. ಸಂಭವನೀಯತೆಯ ಪಾಠವಂತೂ ಇಬ್ಬರಿಗೂ ಮರೆಯದಂತೆ ಆಗಿರುತ್ತದೆ.

ರೊಕ್ಕ ಎಲ್ಲಿ ಹಾಕಬೇಕು?

ಮುಂಡಗೋಡದಲ್ಲಿ 1966ರಲ್ಲಿ ನೆಲೆಗೊಂಡ ಟಿಬೆಟನ್ ಶಿಬಿರದ ಮಠಗಳಲ್ಲಿ ದುಂಗ್‌ಚೆನ್ ಎಂಬ ಆಳೆತ್ತರಕ್ಕೂ ಮೀರಿದ ಕಹಳೆಗಳನ್ನು ಊದುತ್ತಾರೆ. ಕಿವಿಗಿಂತ ಹೆಚ್ಚಾಗಿ ಎದೆಗೆ ಕೇಳಿಸುವ ಮಂದ್ರ ಅದು. ಸಿದ್ದಿ ಜನಾಂಗದವರ ದಮಾಮಿಯ ಪೆಟ್ಟು ಕ್ಷಣದಲ್ಲಿ ಸಿಡಿದು ಕ್ಷಣದಲ್ಲಿ ಅಡಗುತ್ತದೆ. ಈ ಎರಡು ದನಿಗಳನ್ನು ಎದುರಿಗೆ ಕೇಳಿದವರು ಅದೇ ದನಿಯ ರೆಕಾರ್ಡಿಂಗನ್ನು ಮನೆಯಲ್ಲಿ ಕೇಳಿದಾಗ ಏನು ಕಳೆದುಹೋಗಿದೆ ಎಂದು ತಕ್ಷಣ ಹೇಳಬಲ್ಲರು. ಕಳೆದದ್ದು ಪ್ರಿಆಂಪ್ಲಿಫೈಯರಿನಲ್ಲಲ್ಲ. ನಾಲ್ಕಂಗುಲದ ಸ್ಪೀಕರಿಗೆ ದುಂಗ್‌ಚೆನ್ನಿನ ಮಂದ್ರವನ್ನು ತಳ್ಳುವ ಶಕ್ತಿಯೇ ಇಲ್ಲ. ಬರಿಗೋಡೆ, ಬರಿನೆಲದ ಕೋಣೆಯಲ್ಲಿ ದಮಾಮಿಯ ಪೆಟ್ಟು ಪ್ರತಿಧ್ವನಿಯಲ್ಲಿ ಕಲಸಿಹೋಗುತ್ತದೆ.

ಆದ್ದರಿಂದ ಮಿತವಾದ ಹಣವಿರುವ ಮನೆಯಲ್ಲಿ ಖರ್ಚಿನ ಕ್ರಮ ಹೀಗಿರಬೇಕು. ಮೊದಲು ಸ್ಪೀಕರು, ಅದನ್ನು ಇಡುವ ಜಾಗ. ಕಿಟಕಿಗೆ ದಪ್ಪ ಪರದೆ, ನೆಲಕ್ಕೆ ಜಮಖಾನ, ಗೋಡೆಗೆ ಪುಸ್ತಕದ ಕಪಾಟು ಇದ್ದರೆ ಅರ್ಧ ಕೆಲಸ ಆದಂತೆ. ರೆಕಾರ್ಡ್ ಪ್ಲೇಯರ್ ಇದ್ದರೆ ಎರಡನೆಯದು ಒಳ್ಳೆಯ ಸೂಜಿ. ಮೂರನೆಯದಾಗಿ ರೆಗ್ಯುಲೇಟರ್ ಇರುವ ಒಂದು ಸಾದಾ, ಗಟ್ಟಿಮುಟ್ಟಾದ ಟ್ರಾನ್ಸಿಸ್ಟರ್ ಪ್ರಿಆಂಪ್ಲಿಫೈಯರ್. ವಿದ್ಯಾರ್ಥಿಯಿರುವ ಮನೆಗೆ, ಮಳೆ ಹೆಚ್ಚಿರುವ ಊರಿಗೆ ಇದೇ ತಕ್ಕದ್ದು. ವಾಲ್ವು ಬೇಡವೆಂದಲ್ಲ. ಸ್ವಂತ ದುಡಿಮೆ ಬಂದ ಮೇಲೆ, ಪರೀಕ್ಷೆಯಲ್ಲಿ ಆ ಬಣ್ಣವನ್ನು ಗುರುತಿಸಿ ಅದನ್ನೇ ಮೆಚ್ಚಿದವರು ತಿಳಿದೇ ಅದನ್ನು ಕೊಳ್ಳಲಿ. ಕತ್ತಲ ಕೋಣೆಯಲ್ಲಿ ಮಿನುಗುವ ಆ ಕೆಂಪು ತಂತಿಯನ್ನು ನೋಡುವ ಸುಖಕ್ಕೂ ಬೆಲೆಯುಂಟು. ಆದರೆ ಅದು ಕಣ್ಣಿನ ಸುಖ ಎಂದು ಲೆಕ್ಕ ಬರೆಯಬೇಕು, ಕಿವಿಯ ಖಾತೆಗೆ ಅದನ್ನು ಹಾಕಬಾರದು.

ಕಾಲೇಜು ಮುಗಿಸಿ ಹೊರಬರುವ ಹುಡುಗ ಹುಡುಗಿಯರು ಮುಂದೆ ಇಂಥ ನೂರು ಮಾತುಗಳನ್ನು ಕೇಳುತ್ತಾರೆ. ಈ ಔಷಧಿಯೇ ಮೇಲು, ಈ ಬೀಜವೇ ಮೇಲು, ಈ ಯಂತ್ರವೇ ಮೇಲು ಎನ್ನುವವರಿಗೆ ಕೊರತೆಯಿಲ್ಲ. ಎರಡನ್ನೂ ಸಮ ಮಟ್ಟದಲ್ಲಿಟ್ಟು, ಹೆಸರು ಮರೆಮಾಡಿ, ಹತ್ತು ಸಲ ನೋಡಿ ಬಳಿಕ ಮಾತಾಡುವ ಅಭ್ಯಾಸ ಮನೆಯ ಪಡಸಾಲೆಯಲ್ಲೇ ಬಂದರೆ, ಯಾವ ಪ್ರಿಆಂಪ್ಲಿಫೈಯರ್ ಕೊಂಡರೂ ಆ ರೊಕ್ಕ ಹಾಳಾಗಲಿಲ್ಲವೆಂದೇ ತಿಳಿಯಬೇಕು.